ಕಿವಿಗೊಪ್ಪುವ ನಾದ, ಕೈಗೆಟುಕುವ ಬೆಲೆ

೧೯೬೫ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ದಿನಗಳಲ್ಲಿ ಸಂಗೀತವೆಂಬುದು ಮನೆಮಂದಿಗೆಲ್ಲ ಸೇರಿದ ಸ್ವತ್ತಾಗಿತ್ತು. ನಡುಮನೆಯ ಹಲಗೆಯ ಮೇಲೆ ಕುಳಿತ ರೇಡಿಯೋ ಪೆಟ್ಟಿಗೆ ಹಾಡತೊಡಗಿದರೆ ಅದರ ದನಿ ಅಡುಗೆಮನೆಯನ್ನೂ ಮುಟ್ಟುತ್ತಿತ್ತು. ಅಂಥ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ಹಿರಿಯರು ನಾಲ್ಕಾರು ಮನೆಗಳಲ್ಲಿ ವಿಚಾರಿಸಿ, ಅಂಗಡಿಯಲ್ಲಿ ಗಂಟೆಗಟ್ಟಲೆ ಕೇಳಿ ನೋಡಿ, ಬಳಿಕವೇ ಹಣವನ್ನು ಎಣಿಸುತ್ತಿದ್ದರು.

ಇಂದು ಆ ಪೆಟ್ಟಿಗೆ ಕಡಲೆಕಾಳಿನಷ್ಟಾಗಿ ಕಿವಿಯೊಳಗೇ ಹೋಗಿ ಕುಳಿತಿದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ೨೦ ಕಿಲೋಮೀಟರುಗಳ ಹಾದಿಯನ್ನು ರೈಲಿನಲ್ಲೋ ಬಸ್ಸಿನಲ್ಲೋ ಸವೆಸುವ ವಿದ್ಯಾರ್ಥಿಗಳಲ್ಲಿ ಇಯರ್‌ಫೋನ್ ಇಲ್ಲದವರು ವಿರಳ. ಆದರೆ ಹಿರಿಯರ ಆ ವಿಚಾರಣೆಯ ಅಭ್ಯಾಸ ಮಾತ್ರ ಪೆಟ್ಟಿಗೆಯೊಡನೆಯೇ ಕಿರಿದಾಗಿಬಿಟ್ಟಿದೆ. ಜಾಹೀರಾತಿನ ಹೊಳಪಿಗೆ ಮರುಳಾಗಿ ಕೊಳ್ಳುವುದು, ಆರು ತಿಂಗಳಲ್ಲಿ ಎಸೆಯುವುದು, ಮತ್ತೆ ತಂದೆಯ ಮುಂದೆ ಕೈಚಾಚುವುದು ಅನೇಕ ಮನೆಗಳ ಕಥೆ. ಸಂಬಳದ ಮಿತಿಯೊಳಗೆ ಬದುಕುವ ಸಂಸಾರಕ್ಕೆ ಎರಡು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಆದುದರಿಂದ ಈ ಪುಟ್ಟ ವಸ್ತುವಿನ ಗುಣಾವಗುಣಗಳನ್ನು ಮನೆಯವರೆಲ್ಲ ತಿಳಿದಿರುವುದು ಲೇಸು.

ಯಂತ್ರದಿಂದ ಹುಟ್ಟಿದ ನಾದ

ತರುಣರು ಇಂದು ಬಹುವಾಗಿ ಮೆಚ್ಚುವ ವಿದ್ಯುನ್ಮಾನ ಸಂಗೀತವನ್ನು ಹಿರಿಯರು 'ಬರಿಯ ಢಂಢಂ' ಎಂದು ತಳ್ಳಿಹಾಕುವುದುಂಟು. ಅದು ಪೂರ್ತಿ ಪರದೇಶದ ಸರಕೇನೂ ಅಲ್ಲ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಮೂಗ್ ಸಿಂಥಸೈಜರ್ ಸಹಿತವಾದ ಸಂಗೀತ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ೧೯೮೨ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ರೋಲೆಂಡ್ ಯಂತ್ರಗಳ ಮೇಲೆ ನುಡಿಸಿ ಧ್ವನಿಮುದ್ರಿಕೆಯನ್ನು ಹೊರತಂದರು. ಅಂದು ಯಾರೂ ಹೆಚ್ಚಾಗಿ ಗಮನಿಸದ ಆ ಮುದ್ರಿಕೆ ೨೦೧೦ರಲ್ಲಿ ಮರುಪ್ರಕಟವಾದಾಗ ಪಶ್ಚಿಮದ ರಸಿಕರು ಬೆರಗಾದರು. ಸಂಗೀತ ಕಲಿಯುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಶ್ರುತಿ ನೀಡುವ ಎಲೆಕ್ಟ್ರಾನಿಕ್ ತಂಬೂರಿಯೂ ಇದೇ ಬಳಗದ್ದೇ. ಅದನ್ನು ಬಳಕೆಗೆ ತಂದವರಲ್ಲಿ ಮೊದಲಿಗರಾದ ರೇಡೆಲ್ ಸಂಸ್ಥೆಯವರು ಬೆಂಗಳೂರಿನವರೇ.

ಈ ಸಂಗೀತಕ್ಕೆ ತನ್ನದೇ ಆದ ಬೇಡಿಕೆಗಳಿವೆ. ಮನುಷ್ಯನ ಕಿವಿಯು ಸಾಮಾನ್ಯವಾಗಿ ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಗಾಯಕರ ಕಂಠ ಈ ಹರವಿನ ನಡುಭಾಗದಲ್ಲಿ ವಿಹರಿಸಿದರೆ, ವಿದ್ಯುನ್ಮಾನ ಸಂಗೀತದ ಪ್ರಾಣವಾದ ತಾಳದ ಗುದ್ದು ೪೦ರಿಂದ ೬೦ ಕಂಪನಗಳ ಆಳದಲ್ಲಿರುತ್ತದೆ. ಅದರ ಮೇಲೆ ತಾರಸ್ಥಾಯಿಯಲ್ಲಿ ಗೆಜ್ಜೆಯಂಥ ಸೂಕ್ಷ್ಮ ಸದ್ದುಗಳು ಮಿಂಚುತ್ತವೆ. ಆಳವೂ ಇರಬೇಕು, ಆ ಆಳವು ಮೇಲಿನ ಸ್ವರಗಳನ್ನು ನುಂಗಲೂ ಬಾರದು. ಒಳ್ಳೆಯ ಇಯರ್‌ಫೋನಿನ ಪರೀಕ್ಷೆ ಇರುವುದು ಇಲ್ಲಿಯೇ.

ತೂತು ಬಿದ್ದ ತಿದಿ

ಇಯರ್‌ಫೋನಿನ ಒಳಗಿರುವುದು ಬಲು ಸರಳವಾದ ಏರ್ಪಾಡು. ಒಂದು ಅಯಸ್ಕಾಂತ, ಒಂದು ತಂತಿಸುರುಳಿ, ಅದಕ್ಕಂಟಿದ ತೆಳ್ಳನೆಯ ಪೊರೆ. ವಿದ್ಯುತ್ತು ಹರಿದಂತೆ ಪೊರೆ ಅದುರುತ್ತದೆ, ಕಿವಿಯ ನಾಳದಲ್ಲಿರುವ ಗಾಳಿಯನ್ನು ಒತ್ತುತ್ತದೆ. ಮಂದ್ರಸ್ವರಕ್ಕೆ ನಿಧಾನವಾದ, ದೃಢವಾದ ಒತ್ತಡ ಬೇಕು. ಕಿವಿಗೂ ಇಯರ್‌ಫೋನಿನ ರಬ್ಬರಿನ ಬಿರಡೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಆ ಒತ್ತಡ ಸೋರಿಹೋಗುತ್ತದೆ. ತೂತು ಬಿದ್ದ ತಿದಿಯಿಂದ ಕುಲುಮೆಯ ಬೆಂಕಿ ಏಳುವುದುಂಟೆ? ಹಾಗೆಯೇ, ಹತ್ತು ಸಾವಿರದ ಇಯರ್‌ಫೋನಾದರೂ ಸಡಿಲವಾಗಿ ಕುಳಿತರೆ ತಗಡು ಬಡಿದಂತೆ ಕೇಳುತ್ತದೆ. ಸಾವಿರದೈನೂರರದು ಬಿಗಿಯಾಗಿ ಕುಳಿತರೆ ಗುಂಡಿಗೆಯನ್ನು ತಟ್ಟುತ್ತದೆ.

'ಇದರಲ್ಲಿ ಬೇಸ್ ಇಲ್ಲ' ಎಂದು ದೂರುವವರಲ್ಲಿ ಅನೇಕರ ತೊಂದರೆ ಇರುವುದು ಈ ಬಿರಡೆಯಲ್ಲಿ. ಡಬ್ಬಿಯೊಳಗೆ ಸಾಮಾನ್ಯವಾಗಿ ಮೂರು ಅಳತೆಯ ಬಿರಡೆಗಳಿರುತ್ತವೆ. ಹಾಕಿ ಬಂದುದನ್ನೇ ಕೊನೆಯವರೆಗೂ ಬಳಸದೆ, ಮೂರನ್ನೂ ಹಾಕಿ ನೋಡಬೇಕು. ಎಡಕಿವಿಗೂ ಬಲಕಿವಿಗೂ ಬೇರೆ ಬೇರೆ ಅಳತೆ ಬೇಕಾದರೆ ಆಶ್ಚರ್ಯವಿಲ್ಲ. ಒಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದು, ಇನ್ನೊಂದು ಕೈಯಿಂದ ಇಯರ್‌ಫೋನನ್ನು ತುಸು ತಿರುಗಿಸುತ್ತ ಸೇರಿಸಿದರೆ ಅದು ಸರಿಯಾಗಿ ಕೂರುತ್ತದೆ. ಹೊರಗಿನ ಸದ್ದು ಒಮ್ಮೆಗೇ ದೂರ ಸರಿದಂತಾದರೆ ಅದೇ ಗುರುತು. ಯಾವುದೂ ಹೊಂದದಿದ್ದರೆ ಮೆತ್ತನೆಯ ಫೋಮ್ ಬಿರಡೆಗಳು ದೊರೆಯುತ್ತವೆ. ಹೊಸ ಇಯರ್‌ಫೋನ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ '೪೦,೦೦೦ ಹರ್ಟ್ಸ್' ಎಂದು ಅಚ್ಚಾಗಿದ್ದರೆ ಹಿಗ್ಗಬೇಕಾಗಿಲ್ಲ; ೨೦,೦೦೦ದ ಆಚೆಗೆ ಮನುಷ್ಯನ ಕಿವಿ ಕೇಳದು. ಒಂದರ ಬದಲು ನಾಲ್ಕು ಧ್ವನಿಘಟಕಗಳಿವೆ ಎಂಬುದೂ ಉತ್ತಮಿಕೆಯ ಪ್ರಮಾಣವಲ್ಲ. ಕಡಿಮೆ ಬೆಲೆಯಲ್ಲಿ ನಾಲ್ಕನ್ನು ತುರುಕುವುದಕ್ಕಿಂತ ಒಂದನ್ನೇ ಹದವಾಗಿ ರೂಪಿಸುವುದು ಸುಲಭ. ಗಮನಿಸಬೇಕಾದ ಅಂಕಿ ಓಮ್‌ಗಳದು. ೧೬ರಿಂದ ೩೨ ಓಮ್‌ಗಳ ಇಯರ್‌ಫೋನುಗಳು ಸಾಮಾನ್ಯವಾಗಿ ಮೊಬೈಲ್ ಫೋನಿನ ಅಲ್ಪಶಕ್ತಿಗೇ ಚೆನ್ನಾಗಿ ಹಾಡುತ್ತವೆ.

ಕಳೆದ ಕೆಲವು ವರ್ಷಗಳಲ್ಲಿ ಚೀನಾದ ತಯಾರಕರು ಈ ಕ್ಷೇತ್ರದ ಬೆಲೆಗಳನ್ನೇ ತಲೆಕೆಳಗು ಮಾಡಿದ್ದಾರೆ. ೨೦೨೨ರಲ್ಲಿ ಮೂನ್‌ಡ್ರಾಪ್ ಸಂಸ್ಥೆಯ 'ಚು' ಎಂಬುದು ಸುಮಾರು ೨೦ ಡಾಲರುಗಳಿಗೆ ಮಾರಾಟಕ್ಕೆ ಬಂದಿತು. ಅದೇ ವರ್ಷ, ಅದೇ ಆಸುಪಾಸಿನ ಬೆಲೆಗೆ ಸೆವೆನ್‌ಹರ್ಟ್ಸ್ ಸಂಸ್ಥೆಯ 'ಜೀರೋ' ಬಂದಿತು. ಎರಡೂ ಒಂದೇ ಧ್ವನಿಘಟಕದವು, ಎರಡೂ ತಂತಿಯವು. ಹಿಂದೆ ಹೆಚ್ಚು ಬೆಲೆ ತೆರಬೇಕಾಗಿದ್ದ ಸಮತೋಲವನ್ನು ಇವು ಅಗ್ಗವಾಗಿ ನೀಡಿದವು. ಮೊದಲ 'ಚು'ವಿನ ತಂತಿಯನ್ನು ಬಿಚ್ಚಲು ಬರುತ್ತಿರಲಿಲ್ಲ. ಮುಂದೆ ಬಂದ 'ಚು ೨'ರಲ್ಲಿ ಬಿಚ್ಚಬಹುದು. ಇಯರ್‌ಫೋನುಗಳಲ್ಲಿ ಮೊದಲು ಕೆಡುವುದು ಬಹುಮಟ್ಟಿಗೆ ತಂತಿಯೇ ಆದುದರಿಂದ, ತಂತಿಯನ್ನಷ್ಟೇ ಬದಲಿಸಬಹುದಾದ ಸೌಕರ್ಯ ಮಿತವ್ಯಯದ ಸಂಸಾರಕ್ಕೆ ನಿಜವಾದ ಲಾಭ.

ತಂತಿಯೋ, ಬ್ಲೂಟೂತೋ?

ಬ್ಲೂಟೂತ್ ಇಯರ್‌ಫೋನಿನ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದಕ್ಕೆ ತೆತ್ತ ಹಣದಲ್ಲಿ ಬ್ಯಾಟರಿ, ರೇಡಿಯೋ, ಡಬ್ಬಿ ಇವುಗಳ ಪಾಲೂ ಸೇರಿರುತ್ತದೆ. ನಾದಕ್ಕೆ ಉಳಿಯುವುದು ಮಿಕ್ಕ ಪಾಲು. ಪುಟ್ಟ ಬ್ಯಾಟರಿ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ, ಅದನ್ನು ಬದಲಿಸುವುದು ಕಷ್ಟ. ಎರಡು ಸಾವಿರದೊಳಗೆ ಉತ್ತಮ ನಾದವೇ ಗುರಿಯಾದರೆ ತಂತಿಯದೇ ಮೇಲು.

ಈಗಿನ ಅನೇಕ ಫೋನುಗಳಲ್ಲಿ ೩.೫ ಮಿಲಿಮೀಟರಿನ ತೂತು ಇಲ್ಲ. ಅಂಥವರು ಟೈಪ್-ಸಿ ಅಡಾಪ್ಟರನ್ನು ಕೊಳ್ಳುವಾಗ ಅದರೊಳಗೆ ಡ್ಯಾಕ್, ಎಂದರೆ ಅಂಕಿಗಳನ್ನು ನಾದವಾಗಿಸುವ ಘಟಕ, ಇದೆಯೇ ಎಂದು ಕೇಳಬೇಕು. ಅದಿಲ್ಲದ ಅಡಾಪ್ಟರು ಅನೇಕ ಫೋನುಗಳಲ್ಲಿ ಮೂಕವಾಗಿಯೇ ಇರುತ್ತದೆ.

ಅಂಗಡಿಯಲ್ಲಿ

ಶಿವಮೊಗ್ಗದ ನೆಹರು ರಸ್ತೆ, ದುರ್ಗಿಗುಡಿಗಳಲ್ಲಾಗಲಿ ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಾಗಲಿ ಕೊಳ್ಳುವವರು ತಮಗೆ ಚಿರಪರಿಚಿತವಾದ ಮೂರು ಹಾಡುಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಬೇಕು: ಆಳವಾದ ತಾಳದ್ದೊಂದು, ತಾಳದ ನಡುವೆ ಹಾಡುಗಾರಿಕೆ ಇರುವುದೊಂದು, ತಾರಸ್ವರಗಳದ್ದೊಂದು. ಗುದ್ದು ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕೇ ಹೊರತು ಕೆಸರಿನಲ್ಲಿ ಕಾಲಿಟ್ಟಂತೆ ಎಳೆಯಬಾರದು. ಕಂಠವು ಕಂಬಳಿಯ ಹಿಂದಿನಿಂದ ಬಂದಂತಿರಬಾರದು. ತಾರಸ್ವರ ಸೂಜಿಯಂತೆ ಚುಚ್ಚಬಾರದು. ಕೇಳಿ ನೋಡಲು ಅವಕಾಶವಿಲ್ಲದೆಡೆ, ಹಿಂತಿರುಗಿಸುವ ನಿಯಮವನ್ನು ಮೊದಲೇ ತಿಳಿದು, ರಸೀದಿಯನ್ನು ತಪ್ಪದೆ ಪಡೆಯಬೇಕು. ತುಸು ಆಳ ಸಾಲದೆನಿಸಿದರೆ ಫೋನಿನ ಈಕ್ವಲೈಸರಿನಲ್ಲಿ ಸರಿಪಡಿಸಿಕೊಳ್ಳಬಹುದು, ಅದಕ್ಕೆ ಖರ್ಚಿಲ್ಲ.

ಮರಳಿ ಬಾರದ ಸಂಪತ್ತು

ಸಂದಿಯಿಲ್ಲದಂತೆ ಕೂರುವ ಇಯರ್‌ಫೋನಿನಿಂದ ನಾದಕ್ಕಿಂತ ಹಿರಿದಾದ ಇನ್ನೊಂದು ಪ್ರಯೋಜನವಿದೆ. ಸಡಿಲವಾದುದನ್ನು ಧರಿಸಿ ರೈಲಿನಲ್ಲಿ ಕುಳಿತವನು ಗಾಲಿಗಳ ಗದ್ದಲವನ್ನು ಮೀರಿಸಲು ಸದ್ದನ್ನು ಏರಿಸುತ್ತಲೇ ಹೋಗುತ್ತಾನೆ. ಬಿಗಿಯಾದುದು ಗದ್ದಲವನ್ನು ಬಾಗಿಲಲ್ಲೇ ತಡೆಯುವುದರಿಂದ ಸಣ್ಣ ದನಿಯೇ ಸಾಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು ೮೦ ಡೆಸಿಬೆಲ್ ಸದ್ದನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ಮಕ್ಕಳಿಗೆ ೭೫ ಡೆಸಿಬೆಲ್ ಮಿತಿ. ಸದ್ದು ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. ೯೦ ಡೆಸಿಬೆಲ್ ಆದರೆ ವಾರಕ್ಕೆ ಕೇವಲ ಸುಮಾರು ನಾಲ್ಕು ಗಂಟೆ! ಫೋನಿನ ಸದ್ದನ್ನು ನೂರಕ್ಕೆ ೬೦ರ ಒಳಗಿಡುವಂತೆ ಆ ಸಂಸ್ಥೆಯ ಸಲಹೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ. ೧೯೨೩ರಿಂದ ಕಬ್ಬಿಣದ ಕುಲುಮೆಯನ್ನು ಕಂಡ ಭದ್ರಾವತಿಗೆ ಗದ್ದಲವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಯ ಗದ್ದಲದಿಂದ ಹಿರಿಯರಿಗೆ ಬರುವ ಕಿವುಡು, ಹಾಡಿನ ನೆಪದಲ್ಲಿ ಕಿರಿಯರಿಗೆ ಬಾರದಿರಲಿ. ರಸ್ತೆಯನ್ನೋ ರೈಲುಹಳಿಯನ್ನೋ ದಾಟುವಾಗ ಇಯರ್‌ಫೋನು ಜೇಬಿನಲ್ಲಿರಬೇಕೆಂಬುದನ್ನೂ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಬೇಕು.

ಮಗ ಇಯರ್‌ಫೋನ್ ಕೇಳಿದಾಗ ಗದರಿಸಿ ಕಳುಹಿಸುವುದಕ್ಕಿಂತ ತಂದೆಯೂ ಅವನೊಡನೆ ಅಂಗಡಿಗೆ ಹೋಗಿ, ಒಂದು ಹಾಡನ್ನು ತಾವೂ ಕೇಳಿ ನೋಡುವುದು ಉತ್ತಮ. ಬೆಲೆಯ ಚೀಟಿಯನ್ನು ಓದುವುದು ಬಳಿಕವಾಗಲಿ. ಅದು ಕಿವಿಗೆ ನೋವಿಲ್ಲದೆ, ಸಂದಿಯಿಲ್ಲದೆ ಕೂರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಸಣ್ಣ ದನಿಯಲ್ಲಿಯೂ ಎಲ್ಲವೂ ಕೇಳುತ್ತದೆಯೇ ಎಂಬುದು ಎರಡನೆಯದು. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಹಣಕ್ಕೂ ಕಿವಿಗೂ ಮೋಸವಿಲ್ಲ.