ಹೆಣ್ಣುನಾಯಿಗಳ ಗರ್ಭಕೋಶದ ಬ್ಯಾಕ್ಟೀರಿಯಾ ಸೋಂಕು ಮತ್ತು ಪ್ರತಿಜೀವಕ ಸಂವೇದನಾಶೀಲತೆ: ಹಾಸನ ಸೀಮೆಯ ನೆಲೆಯಲ್ಲಿ ಒಂದು ವಿವೇಚನೆ

ಹೆಣ್ಣುನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ವ್ಯಾಧಿಯನ್ನು ಪಶುವೈದ್ಯಶಾಸ್ತ್ರವು ಪಯೋಮೆಟ್ರಾ ಎಂದು ಕರೆಯುತ್ತದೆ. ಸ್ವೀಡನ್ನಿನಲ್ಲಿ ವಿಮೆಗೊಳಪಟ್ಟ ನಾಯಿಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನದ ಪ್ರಕಾರ, ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು, 10 ವರ್ಷ ತುಂಬುವುದರೊಳಗೆ ಇದಕ್ಕೆ ತುತ್ತಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಕಾವಲಿಗಿರುವ ನಾಯಿಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸುವ ರೂಢಿ ಇನ್ನೂ ವ್ಯಾಪಕವಾಗಿಲ್ಲವಾದ್ದರಿಂದ ವಿಷಯವು ಈ ಸೀಮೆಗೆ ದೂರದ್ದಲ್ಲ.

ವ್ಯಾಧಿಯ ಮೂಲವಿರುವುದು ಹಾರ್ಮೋನಿನಲ್ಲಿ. ಬೆದೆ ಮುಗಿದ ಮೇಲೆ, ಗರ್ಭ ನಿಲ್ಲಲಿ ನಿಲ್ಲದಿರಲಿ, ಅಂಡಾಶಯವು ಸುಮಾರು ಎರಡು ತಿಂಗಳ ಕಾಲ ಪ್ರೊಜೆಸ್ಟರಾನನ್ನು ಸ್ರವಿಸುತ್ತದೆ. ಅದರ ಪ್ರಭಾವದಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಗ್ರಂಥಿಗಳ ಸ್ರಾವ ಹೆಚ್ಚುತ್ತದೆ, ಸ್ನಾಯುಗಳ ಸಂಕುಚನ ತಗ್ಗುತ್ತದೆ, ಬಿಳಿರಕ್ತಕಣಗಳ ಪ್ರತಿರೋಧ ಕುಗ್ಗುತ್ತದೆ. ಬೆದೆಯ ಕಾಲದಲ್ಲಿ ಗರ್ಭಕಂಠ ತೆರೆದಿದ್ದಾಗ ಮೇಲೇರಿದ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಅನುಕೂಲವಾದ ನೆಲೆ ಬೇರೊಂದಿಲ್ಲ. ಬೆದೆಯನ್ನು ಮುಂದೂಡಲು ಕೊಡಿಸುವ ಪ್ರೊಜೆಸ್ಟರಾನ್ ವರ್ಗದ ಚುಚ್ಚುಮದ್ದು ಈ ಅಪಾಯವನ್ನು ಹೆಚ್ಚಿಸುತ್ತದೆಂಬುದನ್ನು ನಾಯಿ ಸಾಕುವವರಿಗೆ ತಿಳಿಸುವುದು ಅಗತ್ಯ.

ಜಗತ್ತಿನ ಬಹುತೇಕ ವರದಿಗಳಲ್ಲಿ ಎಶೆರಿಕಿಯಾ ಕೋಲೈ ಪ್ರಧಾನ ಬ್ಯಾಕ್ಟೀರಿಯಾ ಆಗಿ ಕಂಡುಬರುತ್ತದೆ. ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಮತ್ತು ಪ್ರೋಟಿಯಸ್‌ಗಳೂ ದೊರೆಯುತ್ತವೆ. ಕೋಲೈಯು ನಾಯಿಯ ಸ್ವಂತ ಕರುಳಿನ ನಿವಾಸಿ. ಅದರ ಕೋಶಭಿತ್ತಿಯ ಎಂಡೊಟಾಕ್ಸಿನ್ ರಕ್ತಕ್ಕೆ ಸೇರಿ ಮೂತ್ರಪಿಂಡದ ನೀರು ಹಿಡಿದಿಡುವ ಶಕ್ತಿಯನ್ನು ಕುಂದಿಸುತ್ತದೆ. ಅತಿಯಾದ ಬಾಯಾರಿಕೆ ಮತ್ತು ಮೂತ್ರ ಇದರ ಫಲ. ಗರ್ಭಕಂಠ ತೆರೆದಿದ್ದರೆ ಕೀವು ಹೊರಬರುತ್ತದೆ. ಆದರೆ ನಾಯಿ ಅದನ್ನು ನೆಕ್ಕಿಬಿಡುವುದರಿಂದ ಮನೆಯವರ ಕಣ್ಣಿಗೆ ಬೀಳದಿರಬಹುದು. ಮುಚ್ಚಿದ್ದರೆ ಹೊಟ್ಟೆ ಉಬ್ಬುತ್ತದೆ, ಗರ್ಭಕೋಶ ಒಡೆಯುವ ಭಯವಿರುತ್ತದೆ.

ಸಂವೇದನಾಶೀಲತೆಯ ಪರೀಕ್ಷೆಯ ಬೆಲೆ ನಿರ್ಧಾರವಾಗುವುದು ಮಾದರಿಯಲ್ಲಿ. ಯೋನಿದ್ವಾರದಿಂದ ಒರೆಸಿ ತೆಗೆದ ಸ್ರಾವದಲ್ಲಿ ಸಹಜವಾಗಿ ಅಲ್ಲಿಯೇ ಇರುವ ಬ್ಯಾಕ್ಟೀರಿಯಾಗಳೂ ಬೆರೆತಿರುತ್ತವೆ. ಶಸ್ತ್ರಚಿಕಿತ್ಸೆಯ ವೇಳೆ ಗರ್ಭಕೋಶದಿಂದಲೇ ಸೂಜಿಯಲ್ಲಿ ಸೆಳೆದ ಕೀವು ಶ್ರೇಷ್ಠ. ಅದಾಗದಿದ್ದಲ್ಲಿ ರಕ್ಷಾಕವಚವಿರುವ ಸ್ವಾಬನ್ನು ಯೋನಿಯ ಮುಂಭಾಗದವರೆಗೆ ಒಯ್ಯಬೇಕು. ಸಾಧ್ಯವಿದ್ದಲ್ಲಿ ಇದು ಮೊದಲ ಪ್ರತಿಜೀವಕಕ್ಕೆ ಮುನ್ನ ಆಗಬೇಕು. ಏಮೀಸ್ ಮಾಧ್ಯಮದಲ್ಲಿ ತಂಪಾಗಿರಿಸಿದ ಸ್ವಾಬ್ 24 ಗಂಟೆಯೊಳಗೆ ಪ್ರಯೋಗಾಲಯ ತಲುಪಿದರೆ ಸಾಕು. ಮೂರು ತಾಲ್ಲೂಕು ಕೇಂದ್ರಗಳಿಂದ ಹಾಸನಕ್ಕೆ ಕೆಲವೇ ಗಂಟೆಗಳ ಬಸ್ ಪ್ರಯಾಣ; ಅಡ್ಡಿಯಾಗಿರುವುದು ದೂರವಲ್ಲ, ಮಾದರಿ ಕಳುಹಿಸುವ ಅಭ್ಯಾಸದ ಕೊರತೆ.

ಪ್ರಯೋಗಾಲಯದಲ್ಲಿ 1966ರಲ್ಲಿ ಪ್ರಕಟವಾದ ಕರ್ಬಿ–ಬೌಯರ್ ವಿಧಾನವೇ ಇಂದಿಗೂ ರೂಢಿಯಲ್ಲಿದೆ. ಮ್ಯೂಲರ್–ಹಿಂಟನ್ ಅಗಾರಿನ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು, 16ರಿಂದ 18 ಗಂಟೆಗಳ ಬಳಿಕ ಬೆಳವಣಿಗೆಯಿಲ್ಲದ ವಲಯದ ವ್ಯಾಸವನ್ನು ಅಳೆಯುತ್ತಾರೆ. ಪ್ರತ್ಯೇಕಿಸುವುದರಿಂದ ಮೊದಲ್ಗೊಂಡು ಫಲಿತಾಂಶಕ್ಕೆ 2–3 ದಿನ ಬೇಕು. ಮುಚ್ಚಿದ ಪಯೋಮೆಟ್ರಾ ಅಷ್ಟು ಕಾಯುವುದಿಲ್ಲ. ಬಿಲ್ಲೆಯ ಸುತ್ತ ವಿಶಾಲ ವಲಯ ತೋರಿದ ಔಷಧವೂ ಕೀವು ತುಂಬಿದ ಚೀಲದೊಳಗೆ ಸೋಲಬಹುದು. ಆದುದರಿಂದ ಅಂಡಾಶಯ ಸಹಿತ ಗರ್ಭಕೋಶವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ, ಪ್ರತಿಜೀವಕ ಅದರ ಸಹಾಯಕ. ತಳಿಗಾಗಿ ಗರ್ಭಕೋಶ ಉಳಿಸಬೇಕಾದಲ್ಲಿ ಪ್ರೊಸ್ಟಾಗ್ಲಾಂಡಿನ್ ಅಥವಾ ಅಗ್ಲೆಪ್ರಿಸ್ಟೋನ್ ಪ್ರಯೋಗವಿದೆ. ಅಲ್ಲಿ ಔಷಧದ ಆಯ್ಕೆಯ ಭಾರವೆಲ್ಲ ಈ ಪರೀಕ್ಷೆಯ ಮೇಲೆಯೇ ಬೀಳುತ್ತದೆ.

ಆಯ್ಕೆಯಲ್ಲಿ ಮನುಷ್ಯನ ಹಿತವೂ ಅಡಗಿದೆ. ಎನ್ರೊಫ್ಲಾಕ್ಸಾಸಿನ್ ನಾಯಿಯ ದೇಹದಲ್ಲಿ ಭಾಗಶಃ ಸಿಪ್ರೊಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ. ಅದು ಮನೆಯ ಮಂದಿಗೂ ವೈದ್ಯರು ಬರೆದುಕೊಡುವ ಮದ್ದು. ನಾಯಿ ಮತ್ತು ಮನೆಯವರ ಕರುಳಿನಲ್ಲಿ ಒಂದೇ ಬಗೆಯ ಕೋಲೈ ಇರುವುದು ಅನೇಕ ಅಧ್ಯಯನಗಳಿಂದ ತಿಳಿದಿದೆ.

ಬೇರೆ ನಗರದ ಸಂವೇದನಾಪಟ್ಟಿಯನ್ನು ಅರಕಲಗೂಡಿನ ನಾಯಿಗೆ ಅನ್ವಯಿಸುವುದು ಊಹೆಯ ಚಿಕಿತ್ಸೆಯೇ ಸರಿ. ಸ್ಥಳೀಯ ಪಟ್ಟಿ ನಂಬಲರ್ಹವಾಗಲು ಪ್ರತಿ ಪ್ರಭೇದದ ಕನಿಷ್ಠ 30 ಪ್ರತ್ಯೇಕಗಳು, ಒಂದು ಪ್ರಾಣಿಯಿಂದ ಮೊದಲನೆಯದು ಮಾತ್ರ, ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವಿರುವ ಜಿಲ್ಲೆಗೆ ಇದು ಅಸಾಧ್ಯವಾದ ಸಂಖ್ಯೆಯಲ್ಲ. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಅನ್ವಯ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಬೀದಿನಾಯಿಗಳಿಂದ ತೆಗೆದ ನಿರೋಗಿ ಗರ್ಭಕೋಶಗಳಿಂದಲೂ ಮಾದರಿ ಸಂಗ್ರಹಿಸಿದಲ್ಲಿ, ಸೋಂಕಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಲು ಈ ನಾಲ್ಕು ತಾಲ್ಲೂಕುಗಳದೇ ಒಂದು ಆಧಾರ ದೊರೆಯುತ್ತದೆ.