ತಪ್ಪಿದವರಿಗೆ ದಾರಿ ಹೇಳುವ ಕಮಾಂಡ್‌ಗಳು

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: 'ಲಿನಕ್ಸ್ ಟರ್ಮಿನಲ್‌ನಲ್ಲಿ ಆರ್‌ಎಂ ಕಮಾಂಡ್ ಕೊಟ್ಟು ಫೈಲ್ ಅಳಿಸಿದರೆ ಅದು ಒಂದು ಮಾತೂ ಆಡುವುದಿಲ್ಲ. ಅಳಿಸಿತೋ ಇಲ್ಲವೋ ಎಂದು ಪ್ರತಿ ಸಲ ಎಲ್‌ಎಸ್ ಕೊಟ್ಟು ನೋಡಿಕೊಳ್ಳಬೇಕು. ಯಾಕಿಷ್ಟು ಬಿಗುಮಾನ?'

ಈ ಬಿಗುಮಾನಕ್ಕೆ ಒಂದು ಕಾರಣ ಕಾಗದ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಕಟ್ಟಲು ತೊಡಗಿದಾಗ ಅವರ ಮುಂದಿದ್ದುದು ಟೆಲಿಟೈಪ್. ಅದರ ಮಾಡೆಲ್ 33 ಯಂತ್ರ ಸೆಕೆಂಡಿಗೆ 10 ಅಕ್ಷರಗಳಂತೆ ಸದ್ದು ಮಾಡುತ್ತ ಕಾಗದದ ಮೇಲೆ ಅಚ್ಚೊತ್ತುತ್ತಿತ್ತು. ಪ್ರತಿ ಕೆಲಸಕ್ಕೂ 'ಆಯಿತು' ಎಂದು ಅಚ್ಚಾಗುತ್ತಿದ್ದರೆ ಕಾಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಮುಂದೆ ಪೈಪ್ ವ್ಯವಸ್ಥೆ ಬಂದು, ಒಂದು ಪ್ರೋಗ್ರಾಮಿನ ಉತ್ತರ ನೇರವಾಗಿ ಇನ್ನೊಂದಕ್ಕೆ ಹರಿಯತೊಡಗಿದ ಮೇಲೆ ಮೌನಕ್ಕೆ ಇನ್ನಷ್ಟು ಬೆಲೆ ಬಂತು. ಮಧ್ಯೆ ತೂರಿಬಂದ ಒಂದು ಉಪಚಾರದ ಮಾತು ಮುಂದಿನ ಪ್ರೋಗ್ರಾಮಿನ ಲೆಕ್ಕವನ್ನೇ ಕೆಡಿಸಬಲ್ಲದು.

ಕೆಲಸ ಸರಿಯಾಗಿ ಆದಾಗ ಸುಮ್ಮನಿರುವುದನ್ನು ನಾನು ಒಪ್ಪುತ್ತೇನೆ. ತಪ್ಪಾದಾಗಲೂ ಸುಮ್ಮನಿರುವುದು ಬೇರೆ ಮಾತು. ಥಾಂಪ್ಸನ್ ಅವರೇ ಬರೆದ 'ಎಡ್' ಎಂಬ ಎಡಿಟರ್, ನೀವು ಯಾವ ತಪ್ಪು ಮಾಡಿದರೂ ಒಂದು ಪ್ರಶ್ನಾರ್ಥಕ ಚಿಹ್ನೆ ಅಚ್ಚು ಮಾಡಿ ಸುಮ್ಮನಾಗುತ್ತಿತ್ತು.

ಗೊತ್ತಿಲ್ಲದ ಊರಲ್ಲಿ ಒಂದು ಮನೆ ಹುಡುಕುತ್ತಿದ್ದೀರಿ ಎನ್ನೋಣ. ದಾರಿಯಲ್ಲಿ ಸಿಕ್ಕ ಒಬ್ಬರು 'ಇಲ್ಲ' ಎಂದು ತಲೆಯಾಡಿಸಿ ಹೊರಟುಬಿಡುತ್ತಾರೆ. ಇನ್ನೊಬ್ಬರು ನಿಂತು, 'ಆ ಬೀದಿ ಈ ಕಡೆ ಬರಲ್ಲ ಸ್ವಾಮಿ. ಅರಳಿಕಟ್ಟೆ ಹತ್ರ ಎಡಕ್ಕೆ ತಿರುಗಿಬಿಟ್ರಿ, ಬಲಕ್ಕೆ ಹೋಗಬೇಕಿತ್ತು. ವಾಪಸ್ ಹೋಗಿ, ಎರಡನೇ ತಿರುವು' ಎನ್ನುತ್ತಾರೆ. ಇಬ್ಬರು ಹೇಳಿದ್ದೂ ನಿಜವೇ. ಎರಡನೆಯವರ ಮಾತಿನಲ್ಲಿ ಮಾತ್ರ ಎಲ್ಲಿ ತಪ್ಪಿದಿರಿ, ಯಾಕೆ ತಪ್ಪಿದಿರಿ, ಈಗೇನು ಮಾಡಬೇಕು ಎಂಬ ಮೂರೂ ಇವೆ. ಗದರಿಕೆ ಇಲ್ಲ, ಉಪದೇಶವೂ ಇಲ್ಲ. ಬಿಸಿಲಲ್ಲಿ ಅಲೆದು ದಣಿದಿದ್ದರೂ ನಿಮ್ಮ ಮನಸ್ಸು ಹಗುರಾಗುತ್ತದೆ.

ಎಲ್ಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಇವಾನ್ ಚಪ್ಲಿಕಿ 2015ರಲ್ಲಿ ತಮ್ಮ ಕಂಪೈಲರ್‌ಗೆ ಕಲಿಸಹೊರಟದ್ದು ಇದನ್ನೇ. ನೀವು ಬರೆದ ಸಾಲನ್ನೇ ನಿಮಗೆ ತೋರಿಸುವುದು, ತಪ್ಪಿದ ಜಾಗಕ್ಕೆ ಗುರುತು ಹಾಕುವುದು, ಸರಿಪಡಿಸುವ ಬಗೆಯನ್ನು ಸರಳ ಮಾತಿನಲ್ಲಿ ಸೂಚಿಸುವುದು. 2016ರಲ್ಲಿ ರಸ್ಟ್ ಭಾಷೆಯವರು ಎಲ್ಮ್‌ನ ಹೆಸರು ಹೇಳಿಯೇ ತಮ್ಮ ದೋಷಸಂದೇಶಗಳನ್ನು ಹೊಸದಾಗಿ ವಿನ್ಯಾಸಗೊಳಿಸಿದರು.

ಕಾಗುಣಿತ ತಪ್ಪಿದವರಿಗೆ ನೆರವಾಗುವ ವಿದ್ಯೆ ಇನ್ನೂ ಹಳೆಯದು. ಕಾಗುಣಿತದ ತಪ್ಪುಗಳಲ್ಲಿ ಶೇ. 80ಕ್ಕೂ ಹೆಚ್ಚು ಕೇವಲ ನಾಲ್ಕು ಬಗೆಯವು ಎಂದು ಫ್ರೆಡ್ ಡ್ಯಾಮರೋ 1964ರಲ್ಲೇ ತೋರಿಸಿದರು: ಒಂದು ಅಕ್ಷರ ಹೆಚ್ಚಾಗುವುದು, ಒಂದು ಬಿಟ್ಟುಹೋಗುವುದು, ಒಂದರ ಬದಲು ಇನ್ನೊಂದು ಬೀಳುವುದು, ಅಕ್ಕಪಕ್ಕದ ಎರಡು ಅದಲುಬದಲಾಗುವುದು. ಮರುವರ್ಷ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಎರಡು ಪದಗಳ ನಡುವಿನ 'ದೂರ'ವನ್ನು ಎಣಿಸುವ ಅಳತೆ ಕೊಟ್ಟರು. ಇಂದು ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಉಪಕರಣದಲ್ಲಿ 'ಸ್ಟೇಟಸ್' ಕಮಾಂಡಿನ ಅಕ್ಷರ ಹಿಂದುಮುಂದಾದರೆ, ಅದಕ್ಕೆ ಹತ್ತಿರದ ಕಮಾಂಡ್ ಇಂಥದು ಎಂದು ಸೂಚನೆ ಬರುವುದು ಇವರಿಬ್ಬರ ಲೆಕ್ಕದಿಂದ.

ಗಿಟ್ ಸೂಚಿಸುತ್ತದೆ, ಕೇಳದೆ ತಾನೇ ಮಾಡುವುದಿಲ್ಲ. ಈ ಸಂಯಮದ ಬೆಲೆ ತಿಳಿಯಲು ವಾರೆನ್ ಟೈಟಲ್‌ಮನ್ ರಚಿಸಿದ 'ಡ್ವಿಮ್' ವ್ಯವಸ್ಥೆಯ ಕಥೆ ಕೇಳಬೇಕು. ಬಳಕೆದಾರರ ಮನಸ್ಸಿನಲ್ಲಿದ್ದುದನ್ನು ಊಹಿಸಿ ತಿದ್ದಿಕೊಳ್ಳುವುದು ಅದರ ಕೆಲಸ. ಹ್ಯಾಕರ್‌ಗಳ ನಿಘಂಟು 'ಜಾರ್ಗನ್ ಫೈಲ್' ಹೇಳುವಂತೆ, ಒಬ್ಬರು ಡಾಲರ್ ಚಿಹ್ನೆಯಿಂದ ಕೊನೆಯಾಗುವ ಹಳೆಯ ನಕಲು ಫೈಲ್‌ಗಳನ್ನಷ್ಟೇ ಅಳಿಸಲು ಹೊರಟರು. ಅಂಥ ಫೈಲ್‌ಗಳು ಕಾಣದಿದ್ದಾಗ, 'ಎಲ್ಲವನ್ನೂ ಅಳಿಸಿ' ಎಂಬುದೇ ಇವರ ಉದ್ದೇಶವಿರಬೇಕೆಂದು ಊಹಿಸಿದ ಡ್ವಿಮ್ ಹಾಗೆಯೇ ಅಳಿಸತೊಡಗಿತಂತೆ. ನೆರವಾಗುವ ಉತ್ಸಾಹಕ್ಕೂ ಒಂದು ಎಲ್ಲೆ ಬೇಕು.

ಕಾಯುವಿಕೆಯೂ ಬಳಕೆದಾರರ ಸಹನೆಯನ್ನು ಪರೀಕ್ಷಿಸುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಕಾದರೆ ಯೋಚನೆಯ ಎಳೆ ಕಡಿಯತೊಡಗುತ್ತದೆ ಎಂದು ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲೇ ವಾದಿಸಿದ್ದರು. 1985ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬ್ರ್ಯಾಡ್ ಮೈಯರ್ಸ್, ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿಯನ್ನು ಪ್ರಯೋಗಕ್ಕೆ ಒಡ್ಡಿದಾಗ ಭಾಗವಹಿಸಿದವರಲ್ಲಿ ಬಹುತೇಕರು ಅದನ್ನು ಮೆಚ್ಚಿದರು. ಪಟ್ಟಿ ಇದ್ದ ಮಾತ್ರಕ್ಕೆ ಕೆಲಸ ಬೇಗ ಮುಗಿಯುವುದಿಲ್ಲ, ಆದರೂ ಯಂತ್ರ ನಿಂತುಹೋಯಿತೇ ಎಂಬ ಆತಂಕ ಇರುವುದಿಲ್ಲ.

ಇತ್ತೀಚೆಗೆ ಟರ್ಮಿನಲ್ ತುಂಬ ಎಮೋಜಿ, ಕಾಮನಬಿಲ್ಲಿನ ಬಣ್ಣ, ತಿರುಗುವ ಚಕ್ರಗಳನ್ನು ತುಂಬಿ ಅದನ್ನೇ 'ಭಾವನಾತ್ಮಕ ವಿನ್ಯಾಸ' ಎಂದು ಸಾರುವುದು ಹೆಚ್ಚಿದೆ. ನಾನಿದನ್ನು ನಂಬುವುದಿಲ್ಲ. 2016ರಲ್ಲಿ ಎನ್‌ಪಿಎಂ ಎಂಬ ಜನಪ್ರಿಯ ಉಪಕರಣದ ಪ್ರಗತಿಪಟ್ಟಿಯನ್ನು ನಿಲ್ಲಿಸಿದರೆ ಕೆಲಸ ಸುಮಾರು ಅರ್ಧ ಸಮಯದಲ್ಲೇ ಮುಗಿಯುತ್ತದೆ ಎಂದು ಬಳಕೆದಾರರೊಬ್ಬರು ಅಳೆದು ತೋರಿಸಿದರು. ಕಾಯುವವರ ಸಮಾಧಾನಕ್ಕೆಂದು ಇಟ್ಟದ್ದೇ ಅವರನ್ನು ಹೆಚ್ಚು ಕಾಯಿಸುತ್ತಿತ್ತು. ಬಣ್ಣ, ಚಕ್ರಗಳನ್ನು ಬಳಸುವುದೇ ಆದರೆ ಎದುರಿಗಿರುವುದು ಟರ್ಮಿನಲ್ಲೋ ಮತ್ತೊಂದು ಪ್ರೋಗ್ರಾಮೋ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇದಕ್ಕೆಂದೇ 'ಐಎಸ್‌ಎಟಿಟಿವೈ' ಎಂಬ ಸಣ್ಣ ಫಂಕ್ಷನ್ ಯೂನಿಕ್ಸ್‌ನಲ್ಲಿದೆ. ಮನುಷ್ಯರಿಗೆ ವಿವರಣೆ, ಪೈಪಿಗೆ ಬರೀ ದತ್ತಾಂಶ ಎಂಬ ಔಚಿತ್ಯ ಇಷ್ಟರಿಂದಲೇ ಸಾಧ್ಯ.

ಕನ್ನಡದವರಿಗೆ ಇಲ್ಲೊಂದು ಕೊರತೆ ಉಳಿದಿದೆ. ಕನ್ನಡದಲ್ಲಿ ಹೆಸರಿಟ್ಟ ಫೈಲನ್ನು ಗಿಟ್ ತನ್ನ ಮೂಲ ಸ್ಥಿತಿಯಲ್ಲಿ ಅಂಕಿಗಳ ಸಾಲಾಗಿ ತೋರಿಸುತ್ತದೆ. 'ಕ' ಒಂದೇ ಅಕ್ಷರ 340, 262, 225 ಎಂದು ಒಡೆದುಹೋಗುತ್ತದೆ. ಇವು ಆ ಅಕ್ಷರದ ಮೂರು ಬೈಟ್‌ಗಳು, ಎಂಟರ ಆಧಾರದ ಎಣಿಕೆಯಲ್ಲಿ. 'ಕೋರ್' ವಿಭಾಗದ 'ಕೋಟ್‌ಪಾತ್' ಎಂಬ ಆಯ್ಕೆಯನ್ನು 'ಫಾಲ್ಸ್' ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಆದರೆ ಹೊಸಬರಿಗೆ ಇದು ತಿಳಿಯುವುದು ಹೇಗೆ? ಆ ಅಂಕಿಗಳ ಕೆಳಗೆ ಒಂದು ಸಾಲಿನ ಸುಳಿವು ಬರಬೇಕು. ಉಪಕರಣ ಕಟ್ಟುವ ಕನ್ನಡಿಗರು ತಮ್ಮ ಪ್ರೋಗ್ರಾಮಿಗೆ ಮೊದಲು ಕನ್ನಡ ಹೆಸರಿನ ಫೈಲೊಂದನ್ನೇ ಕೊಟ್ಟು ನೋಡಲಿ, ಆಮೇಲೆ ಎಮೋಜಿ ಹಚ್ಚಲಿ.