ಬಂಡವಾಳವೂ ದುಡಿಮೆಯೂ

ಗಿರಣಿಯಲ್ಲಿ ಮುಷ್ಕರವಾಯಿತೆಂಬ ವರ್ತಮಾನವನ್ನು ಓದಿದಾಗ ಗೃಹಸ್ಥರಾದ ನಾವು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುವುದುಂಟು. ಕೂಲಿಕಾರರಿಗೆ ದುರಾಶೆ ಹೆಚ್ಚಿತೆಂಬುದೊಂದು. ಧಣಿಗಳಿಗೆ ದಯೆಯಿಲ್ಲವೆಂಬುದು ಇನ್ನೊಂದು. ವಿಚಾರಮಾಡಿ ನೋಡಿದರೆ ಈ ಕಲಹದ ಮೂಲವು ಜನರ ಸ್ವಭಾವದಲ್ಲಿ ಅಷ್ಟಾಗಿ ಇಲ್ಲ. ಕಾಯುವ ಶಕ್ತಿಯ ತಾರತಮ್ಯದಲ್ಲಿದೆ. ಯಂತ್ರವು ಒಂದು ತಿಂಗಳು ನಿಂತರೆ ಧಣಿಗೆ ಲಾಭ ತಪ್ಪೀತು. ದುಡಿಮೆಯು ಒಂದು ವಾರ ನಿಂತರೆ ಕೂಲಿಕಾರನ ಮನೆಯಲ್ಲಿ ಒಲೆಯೇ ಉರಿಯದು. ಇದನ್ನು ವಿಶದವಾಗಿ ತೋರಿಸುವ ಒಂದು ವೃತ್ತಾಂತವು 1918ರಲ್ಲಿ ಅಹಮದಾಬಾದಿನಲ್ಲಿ ನಡೆಯಿತು.

ಅಹಮದಾಬಾದು ಆಗ ಹತ್ತಿಬಟ್ಟೆಯ ಗಿರಣಿಗಳ ದೊಡ್ಡ ಪಟ್ಟಣ. ಧಣಿಗಳ ಮುಂದಾಳು ಅಂಬಾಲಾಲ ಸಾರಾಭಾಯಿಯವರು. ಕೂಲಿಕಾರರ ಪಕ್ಷವನ್ನು ಹಿಡಿದವರು ಅವರ ಒಡಹುಟ್ಟಿದ ಅಕ್ಕನಾದ ಅನಸೂಯಾಬೆನ್ ಅವರು. 36 ಗಂಟೆಗಳ ಕಾಲ ಎಡೆಬಿಡದೆ ದುಡಿದು ಮರಳುತ್ತಿದ್ದ ಹೆಂಗಸರನ್ನು ಒಂದು ಬೆಳಿಗ್ಗೆ ಕಂಡುದೇ ತಮ್ಮನ್ನು ಈ ದಾರಿಗೆ ತಿರುಗಿಸಿತೆಂದು ಆಕೆಯೇ ಹೇಳಿಕೊಂಡಿದ್ದಾರೆ.

1917ರಲ್ಲಿ ಊರಿಗೆ ಪ್ಲೇಗು ಬಂದು ಜನರು ಓಡತೊಡಗಿದರು. ಯಂತ್ರಗಳು ನಿಲ್ಲಬಾರದೆಂದು ಧಣಿಗಳು ಪ್ಲೇಗಿನ ಬೋನಸ್ಸನ್ನು ಕೊಟ್ಟರು. ಕೆಲವರಿಗೆ ಅದು ಕೂಲಿಯ ನೂರಕ್ಕೆ 70-80ರವರೆಗೂ ಏರಿತು. ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ಭಯದ ಆ ಕೆಲವು ತಿಂಗಳುಗಳಲ್ಲಿ ಕಾಯಲಾರದವನು ಧಣಿಯೇ ಆಗಿದ್ದನು. ಆದುದರಿಂದಲೇ ಕೂಲಿ ಏರಿತು. ರೋಗವು ಶಮನವಾದೊಡನೆ, 1918ರ ಆರಂಭದಲ್ಲಿ, ಬೋನಸ್ಸನ್ನು ನಿಲ್ಲಿಸಲು ಧಣಿಗಳು ನಿಶ್ಚಯಿಸಿದರು. ಮಹಾಯುದ್ಧದಿಂದ ಏರಿದ್ದ ಬೆಲೆಗಳಾದರೋ ಇಳಿದಿರಲಿಲ್ಲ. ನೇಕಾರರು ನೂರಕ್ಕೆ 50ರ ಹೆಚ್ಚಳವನ್ನು ಕೇಳಿದರು. ಧಣಿಗಳು 20ನ್ನು ಮೀರಲೊಲ್ಲೆವೆಂದರು. ಗಾಂಧೀಜಿಯವರು ಲೆಕ್ಕಗಳನ್ನು ಪರಿಶೀಲಿಸಿ 35 ನ್ಯಾಯವೆಂದು ಕಂಡುಕೊಂಡರು. ಕೂಲಿಕಾರರೂ ಅದಕ್ಕೆ ಒಪ್ಪಿದರು. ಪಂಚಾಯಿತಿಯ ಪ್ರಯತ್ನವು ಮುರಿದುಬಿದ್ದು, ಫೆಬ್ರವರಿ 22ರಂದು ಗಿರಣಿಗಳ ಬಾಗಿಲುಗಳಿಗೆ ಬೀಗ ಬಿದ್ದಿತು.

ಸಾಬರಮತಿಯ ದಡದಲ್ಲಿ ಒಂದು ಜಾಲಿಮರದ ಕೆಳಗೆ ದಿನದಿನವೂ ಸಭೆ ಸೇರಿತು. 35 ದೊರೆಯದೆ ಕೆಲಸಕ್ಕೆ ಹಿಂತಿರುಗೆವು, ಹಿಂಸೆಗೆ ಕೈಯಿಕ್ಕೆವು, ಭಿಕ್ಷಾನ್ನವನ್ನು ನಂಬೆವು ಎಂದು ಸಾವಿರಾರು ಜನರು ಪ್ರತಿಜ್ಞೆಗೈದರು. ಹೊರಗಿನ ದಾನದಿಂದ ಮುಷ್ಕರವನ್ನು ನಡೆಸಲು ಗಾಂಧೀಜಿಯವರು ಒಪ್ಪಲಿಲ್ಲ. ಆಗತಾನೆ ಕಟ್ಟುತ್ತಿದ್ದ ಆಶ್ರಮದಲ್ಲಿ ಕೆಲವರಿಗೆ ಮರಳು ಹೊರುವ ಕೆಲಸ ದೊರೆಯಿತು. ಅನಸೂಯಾಬೆನ್ ಅವರೂ ಬುಟ್ಟಿಯನ್ನು ತಲೆಯ ಮೇಲೆ ಹೊತ್ತರು.

ಆದರೆ ದಿನಗಳು ಉರುಳಿದಂತೆ ಹಸಿವು ತನ್ನ ಕೆಲಸವನ್ನು ಮಾಡತೊಡಗಿತು. ಹಸಿವು ಧಣಿಯಿಂದ ಸಂಬಳವನ್ನು ಪಡೆಯದೆ ಅವನ ಪರವಾಗಿ ದುಡಿಯುವ ಆಳು. ಮಾರ್ಚ್ 12ರಂದು ಧಣಿಗಳು ಬೀಗವನ್ನು ತೆರೆದು, 20ಕ್ಕೆ ಒಪ್ಪಿದವರು ಬರಬಹುದೆಂದು ಸಾರಿದರು. ಸಭೆ ತೆಳುವಾಗತೊಡಗಿತು. ಮೋಟಾರಿನಲ್ಲಿ ಬಂದು ಹೋಗುವವರಿಗೆ ಊಟಕ್ಕೇನು ಕೊರತೆ ಎಂಬ ಮಾತು ಕೂಲಿಕಾರರ ಬಾಯಿಂದಲೇ ಹೊರಟು ಗಾಂಧೀಜಿಯವರ ಕಿವಿಗೆ ಮುಟ್ಟಿತು. ಮಾರ್ಚ್ 15ರಂದು ಅವರು ಉಪವಾಸವನ್ನು ಕೈಕೊಂಡರು. 18ರಂದು ರಾಜಿಯಾಯಿತು. ಪ್ರತಿಜ್ಞೆ ಉಳಿಯಲೆಂದು ಮೊದಲ ದಿನ 35, ಧಣಿಗಳ ಮಾತು ಉಳಿಯಲೆಂದು ಎರಡನೆಯ ದಿನ 20, ಮೂರನೆಯ ದಿನದಿಂದ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ಮಧ್ಯಸ್ಥರಾದವರು ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಆನಂದಶಂಕರ ಧ್ರುವರು. ಆಗಸ್ಟ್ ತಿಂಗಳಲ್ಲಿ ಅವರು 35ನ್ನೇ ನ್ಯಾಯವೆಂದು ತೀರ್ಪಿತ್ತರು.

ಕಥೆ ಶುಭಾಂತವಾಯಿತೆಂದು ನಾವು ಇಲ್ಲಿಗೇ ನಿಲ್ಲಿಸಲಾರೆವು. ಅಂಬಾಲಾಲರು ತಮಗೆ ಮಿತ್ರರಾಗಿದ್ದುದರಿಂದ ಆ ಉಪವಾಸವು ಧಣಿಗಳ ಮೇಲೆ ಒತ್ತಾಯವಾಯಿತು, ಅದು ದೋಷರಹಿತವಲ್ಲ ಎಂದು ಗಾಂಧೀಜಿಯವರೇ ಒಪ್ಪಿಕೊಂಡರು. ಹಾಗಾದರೆ ಮಹಾತ್ಮನೊಬ್ಬನು ಮಿತ್ರನಾಗಿ ದೊರೆಯದ ಕೂಲಿಕಾರನ ಗತಿಯೇನು? ಒಬ್ಬೊಬ್ಬರಾಗಿ ಕಾಯಲಾರದವರು ಒಟ್ಟಾಗಿ ಕಾಯುವುದನ್ನು ಕಲಿಯಬೇಕು. 1920ರಲ್ಲಿ ಅಲ್ಲಿ ಮಜೂರ್ ಮಹಾಜನವೆಂಬ ಸಂಘವು ಸ್ಥಾಪಿತವಾದುದು ಈ ಅರಿವಿನಿಂದ. 1972ರಲ್ಲಿ ಅದರ ಮಹಿಳಾ ವಿಭಾಗದಿಂದ ಇಳಾ ಭಟ್ಟರ ನೇತೃತ್ವದಲ್ಲಿ ‘ಸೇವಾ’ ಹುಟ್ಟಿತು. ತಲೆಹೊರೆಯವರು, ಬೀದಿ ವ್ಯಾಪಾರದ ಹೆಂಗಸರು ಅದರಲ್ಲಿ ಸೇರಿದರು. ಧಣಿಯೇ ಇಲ್ಲದವರಿಗೆ ಸಂಘವೇಕೆಂದು ಅಧಿಕಾರಿಗಳು ನೋಂದಣಿಗೆ ಮೊದಲು ಆಕ್ಷೇಪಿಸಿದರಂತೆ! 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಅನೇಕ ಮನೆಗಳಲ್ಲಿ ಒಲೆ ಉರಿದುದು ಇಂತಹ ಹೆಂಗಸರ ದುಡಿಮೆಯಿಂದಲೇ.

ಕೊನೆಗೆ ಒಂದು ಮಾತು. ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ಒಮ್ಮೆ ಸಂಬಳ ಹೆಚ್ಚಿಸಬೇಕೆಂದು ಕೇಳಿದಳು. “ಮುಂದಿನ ತಿಂಗಳು ನೋಡೋಣಮ್ಮ” ಎಂದೆವು. ಆಕೆ ಸುಮ್ಮನಾದಳು. ಅದನ್ನು ಒಪ್ಪಿಗೆಯೆಂದು ಬಹುಕಾಲ ಭಾವಿಸಿದ್ದೆವು. ಮುಂದಿನ ತಿಂಗಳವರೆಗೆ ನಾವು ಕಾಯಬಲ್ಲೆವು, ಆಕೆ ಕಾಯಲಾರಳು. ನಮ್ಮ ಮಾತಿಗೆ ಇದ್ದ ಬಲವೆಲ್ಲ ಇಷ್ಟೇ. ಅಹಮದಾಬಾದಿನ ಧಣಿಗಳನ್ನು ದೂಷಿಸುವ ಮುನ್ನ ಈ ಲೆಕ್ಕವನ್ನು ನಮ್ಮ ನಮ್ಮ ಹಿತ್ತಲಬಾಗಿಲಲ್ಲಿ ಒಮ್ಮೆ ನೋಡಿಕೊಳ್ಳುವುದು ಉಚಿತವೆಂದು ನಮಗೆ ತೋರುತ್ತದೆ.